ಎರಡು ಸಾವಿರ ದವಡೆ ನೋಡಿದ ಉಸ್ತಾದರು

ಗದ್ದದ ನಡುವೆ ಬೆರಳಿಟ್ಟು ನೋಡಿ. ಒಳಗಿರುವ ಮೂಳೆ ಒಂದೇಯೋ, ಎರಡು ತುಂಡು ಸೇರಿ ಆದದ್ದೋ? ನಮಗಿದು ಸಣ್ಣ ಪ್ರಶ್ನೆ. ಆದರೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ವೈದ್ಯರು ಎರಡು ಎಂದೇ ಓದಿದರು, ಎರಡು ಎಂದೇ ಕಲಿಸಿದರು. ಅರಬಿ ಕಿತಾಬುಗಳಲ್ಲಿ ಜಾಲಿನೂಸ್ ಎಂದು ಕರೆಯುವ ಗ್ರೀಕ್ ವೈದ್ಯ ಗ್ಯಾಲನ್ ಹಾಗೆ ಬರೆದಿದ್ದರು. ಅದು ಸರಿಯಲ್ಲ ಎಂದು ಕಣ್ಣಾರೆ ನೋಡಿ ಬರೆದವರು ಅಬ್ದುಲ್ಲತೀಫ್ ಅಲ್‌ಬಗ್ದಾದಿ.

ಕ್ರಿ.ಶ. 1162, ಅಂದರೆ ಹಿಜರಿ 557ರಲ್ಲಿ ಬಗ್ದಾದಿನಲ್ಲಿ ಅವರ ಜನನ. ಚಿಕ್ಕಂದಿನಲ್ಲೇ ಹದೀಸ್ ಕೇಳಿದರು. ಕುರ್‌ಆನ್, ವ್ಯಾಕರಣ, ಫಿಖ್‌ಹ್ ಎಲ್ಲ ಕಂಠಪಾಠ. ಆಮೇಲೆ ಇಲ್ಮ್ ಹುಡುಕುತ್ತಾ ಊರು ಬಿಟ್ಟರು. ಮೌಸಿಲ್, ದಮಾಸ್ಕಸ್, ಕೈರೋ ಸುತ್ತಿದರು. ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿ ಅವರನ್ನು ಕಂಡು ಮೆಚ್ಚಿ ತಿಂಗಳ ಸಂಬಳ ಗೊತ್ತುಮಾಡಿದರು. ಮುಂದೆ ಕೈರೋದ ಅಲ್ ಅಝ್‌ಹರ್‌ನಲ್ಲಿ ಬೆಳಿಗ್ಗೆ ದರ್ಸ್, ನಡು ಹಗಲು ವೈದ್ಯಶಾಸ್ತ್ರ ಕಲಿಯುವವರಿಗೆ ಪಾಠ, ಸಂಜೆ ಪುನಃ ದರ್ಸ್. ರಾತ್ರಿ ಮಾತ್ರ ತಮ್ಮ ಸ್ವಂತ ಓದು.

1200ರಲ್ಲಿ ನೈಲ್ ನದಿಯ ನೀರು ಏರಲಿಲ್ಲ. ಹೊಲ ಒಣಗಿತು. ಎರಡು ವರ್ಷ ಈಜಿಪ್ಟಿನಲ್ಲಿ ಘೋರ ಬರ. ಹಳ್ಳಿಗಳು ಖಾಲಿಯಾದವು, ಸತ್ತವರನ್ನು ದಫನ ಮಾಡಲಿಕ್ಕೂ ಜನ ಉಳಿಯಲಿಲ್ಲ. ಅಬ್ದುಲ್ಲತೀಫ್ ಊರು ಬಿಟ್ಟು ಹೋಗದೆ ಕಂಡದ್ದನ್ನೆಲ್ಲ ಬರೆದಿಟ್ಟರು.

ಆಗ ಅವರ ಶಿಷ್ಯರು ಜಾಲಿನೂಸರ ಅಂಗರಚನೆಯ ಕಿತಾಬು ಓದುತ್ತಿದ್ದರು. ಎಷ್ಟು ವಿವರಿಸಿದರೂ ತಲೆಗೆ ಹೋಗುತ್ತಿರಲಿಲ್ಲ. ಕೈರೋದ ಹೊರಗೆ ಮಖ್ಸ್ ಎಂಬಲ್ಲಿ ಅನಾಥ ಎಲುಬುಗಳು ದಿಬ್ಬದಂತೆ ಬಿದ್ದಿವೆ ಎಂಬ ಸುದ್ದಿ ಬಂತು. ಉಸ್ತಾದರೂ ಶಿಷ್ಯರೂ ಅಲ್ಲಿಗೆ ಹೋದರು.

ಅಲ್ಲಿ ಕೆಳದವಡೆ ಕೈಗೆತ್ತಿಕೊಂಡು ನೋಡಿದರೆ ಗದ್ದದಲ್ಲಿ ಜೋಡಣೆಯ ಗುರುತೇ ಇಲ್ಲ! ಒಂದು ನೋಡಿ ತೀರ್ಮಾನ ಮಾಡಲಿಲ್ಲ. ಎರಡು ಸಾವಿರಕ್ಕೂ ಹೆಚ್ಚು ನೋಡಿದರು. ತಮ್ಮ ಕಣ್ಣು ತಪ್ಪಿರಬಹುದು ಎಂದು ಬೇರೆಯವರಿಂದಲೂ ನೋಡಿಸಿದರು. ಅಷ್ಟೂ ಸಾಲದೆ ಬೂಸೀರ್‌ನ ಪುರಾತನ ಸಮಾಧಿಗಳಿಗೂ ಹೋದರು. ಮೂಳೆ ಹಳತಾದರೆ ಜೋಡಣೆ ಬಿಟ್ಟುಕೊಳ್ಳುತ್ತದೆ, ಗುಟ್ಟಾಗಿ ಸೇರಿದ್ದರೂ ಬೇರ್ಪಡಲೇಬೇಕು ಎಂಬುದು ಅವರ ಲೆಕ್ಕ. ಅಲ್ಲಿಯೂ ಕೆಳದವಡೆ ಒಂದೇ ತುಂಡು.

ಈಗಿನ ಸ್ಕ್ಯಾನ್ ಕೂಡ ಇದನ್ನೇ ತೋರಿಸುತ್ತದೆ. ಕಣ್ಣಿನ ಗೂಡಿನ ಅಂಚಿನಲ್ಲಿ ಹಣೆಯ ಮೂಳೆ, ಕೆನ್ನೆಯ ಮೂಳೆ, ಮೇಲ್ದವಡೆ ಒಂದಕ್ಕೊಂದು ಸೇರುತ್ತವೆ. ಆ ಹೊಲಿಗೆಗಳು ಚಿತ್ರದಲ್ಲಿ ಸಣ್ಣ ಗೆರೆಯಾಗಿ ಕಾಣುತ್ತವೆ. ಬೈಕಿನಿಂದ ಬಿದ್ದು ಬಂದವರ ಮುಖದಲ್ಲಿ ಅದು ಹೊಲಿಗೆಯೋ ಬಿರುಕೋ ಎಂದು ಡಾಕ್ಟರು ಜಾಗ್ರತೆಯಿಂದ ನೋಡಬೇಕು. ಆದರೆ ದೊಡ್ಡವರ ಗದ್ದದ ನಡುವೆ ಹೊಲಿಗೆ ಇಲ್ಲ, ಅಲ್ಲಿ ಗೆರೆ ಕಂಡರೆ ಮುರಿತದ ಸಂಶಯವೇ. ಹುಟ್ಟಿದ ಮಗುವಿನಲ್ಲಿ ಮಾತ್ರ ಎರಡು ಭಾಗ ಇರುತ್ತದೆ, ಮೊದಲ ವರ್ಷದೊಳಗೆ ಅದು ಒಂದಾಗುತ್ತದೆ. ನಾಯಿಯಂಥ ಪ್ರಾಣಿಗಳಲ್ಲಿ ಸಾಯುವವರೆಗೂ ಎರಡೇ. ಗ್ಯಾಲನ್ ಹೆಚ್ಚಾಗಿ ಕೊಯ್ದು ನೋಡಿದ್ದು ಪ್ರಾಣಿಗಳನ್ನು.

ಯುರೋಪಿನಲ್ಲಿ ವೆಸಾಲಿಯಸ್ ಇದೇ ಮಾತು ಬರೆದದ್ದು 1543ರಲ್ಲಿ, ಮುನ್ನೂರು ವರ್ಷಕ್ಕೂ ಹೆಚ್ಚು ತಡವಾಗಿ. ಅಬ್ದುಲ್ಲತೀಫರ ಈಜಿಪ್ಟ್ ಕಿತಾಬಿನ ಹಸ್ತಪ್ರತಿ ಇಂದು ಆಕ್ಸ್‌ಫರ್ಡಿನಲ್ಲಿದೆ.

ಅವರ ಅದಬು ನಮ್ಮನ್ನು ಹೆಚ್ಚು ತಟ್ಟುತ್ತದೆ. ಜಾಲಿನೂಸರನ್ನು ಅವರು ಹೀಯಾಳಿಸಲಿಲ್ಲ. ಅವರ ಸೂಕ್ಷ್ಮತೆಯನ್ನು ಹೊಗಳಿಯೇ, ಕಣ್ಣು ಕಂಡದ್ದಕ್ಕೆ ಹೆಚ್ಚು ಬೆಲೆ ಎಂದರು. ದೊಡ್ಡವರ ತಪ್ಪು ತಿದ್ದಲು ಅವರನ್ನು ಸಣ್ಣವರು ಮಾಡಬೇಕಿಲ್ಲ.

ನಾಲ್ಕು ದಶಕಗಳ ನಂತರ ಹಜ್ಜ್‌ಗೆ ಹೊರಟವರು ದಾರಿಯಲ್ಲಿ ಹುಟ್ಟೂರು ಬಗ್ದಾದಿಗೆ ಬಂದರು. 1231ರಲ್ಲಿ ಅಲ್ಲೇ ಇಹಲೋಕ ತ್ಯಜಿಸಿದರು.

ನಾವೂ ಮಕ್ಕಳಿಗೆ ಕಲಿಸುವವರು. ಅದು ಹೇಗೆ ಉಸ್ತಾದ್ ಎಂದು ಕೇಳಿದ ಮಗುವನ್ನು ಕಿತಾಬಿನಲ್ಲಿ ಹಾಗೇ ಇದೆ, ಕೂತ್ಕೋ ಎಂದು ಸುಮ್ಮನಾಗಿಸಿದ ದಿನಗಳು ನಮ್ಮಲ್ಲೂ ಇವೆ. ದೀನಿನ ಮಾತು ಬೇರೆ. ಎಲುಬು, ಗಿಡ, ನಕ್ಷತ್ರದ ಮಾತಾದರೆ ಬಾ, ಒಟ್ಟಿಗೆ ನೋಡೋಣ ಎನ್ನಬಹುದಿತ್ತು. ಆ ಉಸ್ತಾದರು ದಿಬ್ಬಕ್ಕೆ ಒಬ್ಬರೇ ಹೋಗಲಿಲ್ಲ, ಶಿಷ್ಯರನ್ನೂ ಕರಕೊಂಡು ಹೋಗಿದ್ದರು.