ಅರಸರ ಪಕ್ಷ

ಬಂಟವಾಳದ ನಮ್ಮ ಹಳೆಯ ಮನೆಯ ಮರದ ಪೆಟ್ಟಿಗೆಯಲ್ಲಿ ಭೂನ್ಯಾಯಮಂಡಳಿಯ ತೀರ್ಪಿನ ಪ್ರತಿಯೊಂದಿದೆ. ನನ್ನ ತಂದೆಯವರು ಚಾಲಗೇಣಿಯ ಒಕ್ಕಲು. ವರ್ಷವರ್ಷವೂ ಧಣಿಗಳ ಅಂಗಳಕ್ಕೆ ಅಕ್ಕಿಮುಡಿ ಹೊತ್ತವರು. ಆ ತೀರ್ಪನ್ನು ಸಾಧ್ಯವಾಗಿಸಿದ ದೇವರಾಜ ಅರಸರಿಗೆ ಸ್ವಂತದ್ದೊಂದು ಪಕ್ಷವನ್ನು ಉಳಿಸಿಕೊಳ್ಳುವುದು ಏಕೆ ಸಾಧ್ಯವಾಗಲಿಲ್ಲವೆಂದು ನಾನು ಬಹುಕಾಲ ಯೋಚಿಸಿದ್ದೇನೆ.

1915ರಲ್ಲಿ ಹುಣಸೂರು ಸೀಮೆಯಲ್ಲಿ ಜನಿಸಿದ ಅರಸರು, 1969ರಲ್ಲಿ ಕಾಂಗ್ರೆಸ್ಸು ಒಡೆದಾಗ ನಿಜಲಿಂಗಪ್ಪನವರ ಕಡೆ ನಿಲ್ಲದೆ ಇಂದಿರಾ ಗಾಂಧಿಯವರ ಪಕ್ಷವನ್ನು ಈ ರಾಜ್ಯದಲ್ಲಿ ಕಟ್ಟಿದರು, 1972ರಲ್ಲಿ ಮುಖ್ಯಮಂತ್ರಿಗಳಾದರು. ಆ ಸಲ ಬಂಟವಾಳದಿಂದ ಗೆದ್ದವರು ಕಮ್ಯುನಿಸ್ಟ್ ಪಕ್ಷದ ಬಿ. ವಿ. ಕಕ್ಕಿಲ್ಲಾಯರು. ಒಕ್ಕಲುಗಳ ಹೋರಾಟ ಅರಸರಿಗಿಂತ ಮೊದಲೇ ನಮ್ಮಲ್ಲಿ ಬೇರೂರಿತ್ತೆಂಬುದನ್ನು ಮರೆಯಲಾಗದು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಗೇಣಿಯ ಭೂಮಿಯನ್ನೆಲ್ಲ ಸರಕಾರಕ್ಕೆ ಸೇರಿಸಿ, ಅರ್ಜಿ ಸಲ್ಲಿಸಿದ ಒಕ್ಕಲಿಗೆ ಅದರ ಹಕ್ಕನ್ನು ಕೊಡಿಸಿತು. ನ್ಯಾಯಮಂಡಳಿಯೊಳಗೆ ಆಗ ವಕೀಲರಿಗೆ ಪ್ರವೇಶವಿರಲಿಲ್ಲ. ತಂದೆಯವರು ಜೀವಮಾನದಲ್ಲಿ ಮೊದಲ ಬಾರಿಗೆ ಧಣಿಗಳೆದುರು ನಿಂತು ತಮ್ಮ ಮಾತನ್ನು ತಾವೇ ಆಡಿದರು. ಗೇಣಿಯ ಅಕ್ಕಿಯೊಂದನ್ನೇ ನಂಬಿದ್ದ ಬಡ ವಿಧವೆಯರಿಗೂ ಇದೇ ಕಾನೂನು ತಟ್ಟಿತೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.

1978ರಲ್ಲಿ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿದ ಅರಸರು ಮರುವರ್ಷವೇ ಅವರಿಂದ ದೂರವಾದರು. ಶಾಸಕರಲ್ಲಿ ಬಹುಮಂದಿ ಅರಸರೊಡನೆಯೇ ಉಳಿದರು. ಭೂಮಿ ಪಡೆದವರೂ ಹಾಗೆಯೇ ಉಳಿಯುವರೆಂದು ಅವರು ಎಣಿಸಿದ್ದಿರಬೇಕು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಪಕ್ಷದ ಪಾಲಾದವು. ಬಂಟವಾಳದ ಜನಾರ್ದನ ಪೂಜಾರಿಯವರು ಆ ಪಕ್ಷದಿಂದಲೇ ಗೆದ್ದರು. ಅರಸರ ಸಂಪುಟದಲ್ಲಿದ್ದ ಮೂಡುಬಿದಿರೆಯ ವೀರಪ್ಪ ಮೊಯಿಲಿಯವರು ಗುಂಡೂರಾಯರ ಸರಕಾರದಲ್ಲಿ ಹಣಕಾಸು ಸಚಿವರಾದರು.

ತಂದೆಯವರೂ ಕೈ ಗುರುತಿಗೇ ಮುದ್ರೆಯೊತ್ತಿದರು. ಕೃತಘ್ನತೆಯೆಂದು ನಾನು ಅಂದು ಜಗಳವಾಡಿದೆ. ಹಿಂದೆಲ್ಲ ಧಣಿಗಳು ತೋರಿಸಿದ ಗುರುತಿಗೆ ಮತವಿತ್ತವರು ಅವರು. ಅರಸರಿಗೂ ಮತದ ಗೇಣಿ ಸಲ್ಲಬೇಕೆಂದು ನಾನು ಕೇಳುತ್ತಿದ್ದೆನೆಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಕೊನೆಗಾಲದಲ್ಲಿ ಅರಸರ ಸುತ್ತ ಕ್ರಾಂತಿರಂಗ ರೂಪುಗೊಂಡಿತು. 1982ರ ಜೂನ್ 6ರಂದು ಅವರು ತೀರಿಕೊಂಡರು. ಮರುವರ್ಷದ ಆರಂಭದಲ್ಲಿ ಅದು ಜನತಾ ಪಕ್ಷದೊಡನೆ ಚುನಾವಣೆಗಿಳಿದು, ಬರಬರುತ್ತ ತನ್ನ ಹೆಸರನ್ನೂ ಕಳೆದುಕೊಂಡಿತು. ಆ ಸಲ ಮೂಡುಬಿದಿರೆ ಜನತಾ ಪಕ್ಷದ ಅಮರನಾಥ ಶೆಟ್ಟರನ್ನು ಆರಿಸಿತು. ಬೆಳ್ತಂಗಡಿ ಭಾರತೀಯ ಜನತಾ ಪಕ್ಷದ ವಸಂತ ಬಂಗೇರರನ್ನು. 1985ರಲ್ಲಿ ಬಂಟವಾಳ ಕಾಂಗ್ರೆಸ್ಸಿನ ರಮಾನಾಥ ರೈಗಳನ್ನು ಕಳುಹಿಸಿತು. ಆ ವೇಳೆಗೆ ತಂದೆಯವರು ಗದ್ದೆಯ ಒಂದು ಮಗ್ಗುಲಿಗೆ ಅಡಿಕೆ ಸಸಿ ನೆಟ್ಟಿದ್ದರು.