ಅನುಗ್ರಹದಿಂದ ಹಕ್ಕಿನವರೆಗೆ: ಅಂಬೇಡ್ಕರ್ ಜೀವನದಲ್ಲಿ ವಿದ್ಯಾರ್ಥಿವೇತನ

ಡಾ. ಬಿ.ಆರ್. ಅಂಬೇಡ್ಕರ್ ಅವರ ಜೀವನಚರಿತ್ರೆಗಳಲ್ಲಿ ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದ ಪ್ರಸ್ತಾಪ ತಪ್ಪದೆ ಬರುತ್ತದೆ. ಆದರೆ ಬಹುಮಟ್ಟಿಗೆ ಅದು ಅರಸನೊಬ್ಬನ ಔದಾರ್ಯದ ನಿದರ್ಶನವಾಗಿ ಉಲ್ಲೇಖಗೊಂಡು ಅಲ್ಲಿಗೇ ನಿಲ್ಲುತ್ತದೆ. ಆ ನೆರವಿನ ಅವಧಿ, ಕರಾರು ಹಾಗೂ ಮಿತಿಗಳನ್ನು ಅವರ ಮುಂದಿನ ಸಾರ್ವಜನಿಕ ಜೀವನದೊಡನೆ ಇಟ್ಟು ನೋಡಿದಾಗ, ಬಡ ಪದವೀಧರನ ಉನ್ನತ ವ್ಯಾಸಂಗದ ವೆಚ್ಚವನ್ನು ಯಾರು ಭರಿಸಬೇಕು ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರದ ಬೇರುಗಳು ಗೋಚರಿಸುತ್ತವೆ.

1891ರ ಏಪ್ರಿಲ್ 14ರಂದು ಮಹೂ ದಂಡುಪ್ರದೇಶದಲ್ಲಿ ಜನಿಸಿದ ಭೀಮರಾವ್, ಸೇನೆಯಲ್ಲಿ ಸುಬೇದಾರರಾಗಿದ್ದ ರಾಮಜಿ ಸಕ್ಪಾಲರ ಮಗ. ನಿವೃತ್ತ ತಂದೆಯ ಅಲ್ಪ ಆದಾಯದಲ್ಲಿ ಸಂಸಾರ ನಡೆಯುತ್ತಿತ್ತು. 1907ರಲ್ಲಿ ಮೆಟ್ರಿಕ್ಯುಲೇಶನ್ ತೇರ್ಗಡೆಯಾದ ಬಳಿಕ ಕಾಲೇಜು ವ್ಯಾಸಂಗ ಮುಂದುವರಿಸಲು ಹಣದ ಅಡಚಣೆ ಎದುರಾಯಿತು. ಶಿಕ್ಷಕರೂ ಲೇಖಕರೂ ಆಗಿದ್ದ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಅವರು ಈ ವಿದ್ಯಾರ್ಥಿಯ ವಿಷಯವನ್ನು ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ಗಮನಕ್ಕೆ ತಂದರು. ಮಹಾರಾಜರು ತಿಂಗಳಿಗೆ 25 ರೂಪಾಯಿ ಮಂಜೂರು ಮಾಡಿದರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿದ ಭೀಮರಾವ್ 1912ರಲ್ಲಿ ಬಿ.ಎ. ಮುಗಿಸಿದರು.

1913ರ ಫೆಬ್ರವರಿಯಲ್ಲಿ ತಂದೆ ತೀರಿಕೊಂಡರು. ಕುಟುಂಬಕ್ಕೆ ಸಂಪಾದನೆಯೇ ಮುಖ್ಯವಾಗಿದ್ದ ಆ ಹೊತ್ತಿನಲ್ಲಿ ವಿದೇಶ ವ್ಯಾಸಂಗದ ಅವಕಾಶ ಒದಗಿತು. ಸಂಸ್ಥಾನವು ತಿಂಗಳಿಗೆ 11.5 ಪೌಂಡಿನಂತೆ ಮೂರು ವರ್ಷಗಳ ವೇತನ ನೀಡಲು ಒಪ್ಪಿತು. ವ್ಯಾಸಂಗದ ನಂತರ ಹತ್ತು ವರ್ಷ ಸಂಸ್ಥಾನದ ಸೇವೆಯಲ್ಲಿರಬೇಕೆಂಬುದು ಕರಾರು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರಜ್ಞ ಎಡ್ವಿನ್ ಸೆಲಿಗ್‌ಮನ್ ಮೊದಲಾದವರ ಬಳಿ ಅಧ್ಯಯನ ಮಾಡಿ 1915ರಲ್ಲಿ ಎಂ.ಎ. ಪದವಿ ಪಡೆದರು. 1916ರಲ್ಲಿ ಲಂಡನ್ನಿಗೆ ತೆರಳಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಹಾಗೂ ಗ್ರೇಸ್ ಇನ್ ಎರಡನ್ನೂ ಸೇರಿದರು. ಆದರೆ ವೇತನದ ಅವಧಿ ತೀರಿದ್ದರಿಂದ 1917ರಲ್ಲಿ ವ್ಯಾಸಂಗವನ್ನು ಅರ್ಧಕ್ಕೆ ನಿಲ್ಲಿಸಿ ಮರಳಬೇಕಾಯಿತು. ಸಂಶೋಧನೆ ತನ್ನದೇ ಕಾಲವನ್ನು ಬೇಡುತ್ತದೆ. ಮಂಜೂರಾತಿ ಪತ್ರಕ್ಕೆ ಆ ಕಾಲದ ಲೆಕ್ಕವಿರಲಿಲ್ಲ.

ಕರಾರಿನಂತೆ ಬರೋಡಕ್ಕೆ ಹೋದಾಗ ಮತ್ತೊಂದು ಮಿತಿ ಪ್ರಕಟವಾಯಿತು. ವಿದೇಶದಲ್ಲಿ ಓದಿ ಬಂದ ಅಧಿಕಾರಿಗೆ ಆ ನಗರದಲ್ಲಿ ತಂಗಲು ಸ್ಥಳವಿರಲಿಲ್ಲ. ಜಾತಿ ಮರೆಮಾಚಿ ಉಳಿದುಕೊಂಡಿದ್ದ ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದ ಗುಂಪು ಅವರನ್ನು ಹೊರಹಾಕಿತು. ಸೇವೆಯನ್ನು ತೊರೆದು ಅವರು ಮುಂಬಯಿಗೆ ಹಿಂದಿರುಗಿದರು. ವಿದ್ಯಾರ್ಥಿವೇತನವು ವಿದ್ಯೆಯನ್ನು ಕೊಡಿಸಿತ್ತು. ಆ ವಿದ್ಯೆಗೆ ಸಲ್ಲಬೇಕಾದ ಸಾಮಾಜಿಕ ಸ್ಥಾನವನ್ನು ಕೊಡಿಸುವುದು ಅದರಿಂದ ಸಾಧ್ಯವಾಗಲಿಲ್ಲ.

ನಿಂತುಹೋದ ವ್ಯಾಸಂಗವನ್ನು ಪೂರೈಸಲು ಅವರು 1918ರಿಂದ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ದುಡಿದು ಹಣ ಕೂಡಿಟ್ಟರು. ಕೊಲ್ಹಾಪುರದ ಶಾಹು ಮಹಾರಾಜರ ನೆರವು ಹಾಗೂ ಗೆಳೆಯ ನವಲ್ ಭತೇನಾ ಕೊಟ್ಟ ಸಾಲ ಇದಕ್ಕೆ ಸೇರಿದವು. 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ಡಿ.ಎಸ್ಸಿ. ಪದವಿಗಳನ್ನು ಪಡೆದರು. ಕೊಲಂಬಿಯಕ್ಕೆ ಸಲ್ಲಿಸಿದ ಸಂಶೋಧನೆಯ ಫಲವಾದ ಪ್ರಾಂತೀಯ ಹಣಕಾಸಿನ ವಿಕಾಸ ಕುರಿತ ಗ್ರಂಥ 1925ರಲ್ಲಿ ಪ್ರಕಟವಾಯಿತು. ಅದನ್ನು ಅವರು ಅರ್ಪಿಸಿದ್ದು ಸಯಾಜಿರಾವ್ ಅವರಿಗೆ. ನೆರವಿನ ಮಿತಿಗಳನ್ನು ಅನುಭವಿಸಿದವರಿಗೆ ನೆರವಿನ ಋಣ ಮರೆತಿರಲಿಲ್ಲ.

ಅಲ್ಲಿಂದ ಮುಂದೆ ಅವರ ಗಮನ ಒಬ್ಬ ವಿದ್ಯಾರ್ಥಿಯಿಂದ ಸಮುದಾಯದತ್ತ ಹರಿಯಿತು. 1924ರಲ್ಲಿ ಸ್ಥಾಪಿಸಿದ ಬಹಿಷ್ಕೃತ ಹಿತಕಾರಿಣಿ ಸಭೆಯು ವಿದ್ಯಾರ್ಥಿಗಳ ವಸತಿನಿಲಯಗಳಿಗೆ ಆದ್ಯತೆ ನೀಡಿತು. 1920ರ ದಶಕದ ಕೊನೆಯ ವೇಳೆಗೆ ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿಯೂ ಅವರ ಪ್ರಯತ್ನದಿಂದ ವಸತಿನಿಲಯವೊಂದು ಆರಂಭವಾಯಿತು. ಬರೋಡದಲ್ಲಿ ಸೂರಿಲ್ಲದೆ ಹಿಂದಿರುಗಿದವರು ಹಣದೊಡನೆ ಸೂರಿನ ಪ್ರಶ್ನೆಯನ್ನೂ ಎತ್ತಿಕೊಂಡದ್ದು ಇಲ್ಲಿ ಗಮನಾರ್ಹ.

1942ರಲ್ಲಿ ವೈಸರಾಯ್ ಕಾರ್ಯಕಾರಿ ಮಂಡಲಿಯ ಕಾರ್ಮಿಕ ಸದಸ್ಯರಾದಾಗ ಈ ಚಿಂತನೆ ಆಡಳಿತದ ರೂಪ ತಾಳಿತು. ಅದೇ ವರ್ಷ ಸಲ್ಲಿಸಿದ ಮನವಿಪತ್ರದಲ್ಲಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಉನ್ನತ ಶಿಕ್ಷಣಕ್ಕೆ, ವಿಶೇಷವಾಗಿ ವಿಜ್ಞಾನ ಮತ್ತು ತಾಂತ್ರಿಕ ವ್ಯಾಸಂಗಕ್ಕೆ, ಸರ್ಕಾರವೇ ಹಣ ಒದಗಿಸಬೇಕೆಂದು ವಾದಿಸಿದರು. ಸರ್ಕಾರ ವರ್ಷಕ್ಕೆ 3 ಲಕ್ಷ ರೂಪಾಯಿ ಮಂಜೂರು ಮಾಡಿತು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆ ಜಾರಿಗೆ ಬಂದಿತು. ಮೊತ್ತಕ್ಕಿಂತ ಮುಖ್ಯವಾದುದು ತತ್ತ್ವದ ಬದಲಾವಣೆ. ಕೇಳುಸ್ಕರ್ ಅವರಂಥ ಹಿತೈಷಿಯೊಬ್ಬರು ದೊರೆಯದ ವಿದ್ಯಾರ್ಥಿಯೂ ಇನ್ನು ಅರ್ಜಿ ಸಲ್ಲಿಸಬಹುದಿತ್ತು. ಅರಸನ ಇಚ್ಛೆಗೆ ಒಳಪಟ್ಟಿದ್ದ ನೆರವು ಸರ್ಕಾರದ ಆಯವ್ಯಯದ ಬಾಬತ್ತಾಯಿತು.

1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿಯನ್ನೂ 1946ರಲ್ಲಿ ಮುಂಬಯಿಯ ಸಿದ್ಧಾರ್ಥ ಕಾಲೇಜನ್ನೂ 1950ರಲ್ಲಿ ಔರಂಗಾಬಾದಿನಲ್ಲಿ ಇನ್ನೊಂದು ಕಾಲೇಜನ್ನೂ ಅವರು ಕಟ್ಟಿದರು. ಅವರ ಅಧ್ಯಕ್ಷತೆಯ ಸಮಿತಿ ಕರಡು ಸಿದ್ಧಪಡಿಸಿದ ಸಂವಿಧಾನದ 46ನೆಯ ವಿಧಿಯು ದುರ್ಬಲ ವರ್ಗಗಳ ಶೈಕ್ಷಣಿಕ ಹಿತವನ್ನು ಪ್ರಭುತ್ವದ ಹೊಣೆಯಾಗಿಸಿತು. ನ್ಯಾಯಾಲಯದ ಮೂಲಕ ಜಾರಿಗೊಳಿಸಲಾಗದ ನಿರ್ದೇಶಕ ತತ್ತ್ವ ಅದಾದುದರಿಂದ, ಹಕ್ಕಿನತ್ತ ಸಾಗಿದ ಆ ದಾರಿ ಪೂರ್ಣಗೊಂಡಿತೆಂದು ಹೇಳಲಾಗದು. 1952ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯ ತನ್ನ ಹಳೆಯ ವಿದ್ಯಾರ್ಥಿಗೆ ಗೌರವ ಡಾಕ್ಟರೇಟ್ ನೀಡಿತು. ವಿದೇಶ ವ್ಯಾಸಂಗಕ್ಕಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954–55ರಲ್ಲಿ ಆರಂಭವಾಯಿತು. 1956ರ ಡಿಸೆಂಬರ್ 6ರಂದು ಅವರು ನಿಧನರಾಗುವ ವೇಳೆಗೆ, 1913ರಲ್ಲಿ ಒಬ್ಬ ಅರಸನ ಮಂಜೂರಾತಿಯನ್ನು ಅವಲಂಬಿಸಿದ್ದ ಪ್ರಯಾಣಕ್ಕೆ ಸರ್ಕಾರದ ನಿಯಮಾವಳಿಯೊಂದು ಆಧಾರವಾಗಿ ನಿಂತಿತ್ತು.