ವಿಧೇಯತೆಯ ದಾರಿಯಲ್ಲಿ ದೊಡ್ಡ ಸ್ವಾಮಿಯವರು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ಸೀಮೆಯ ಕಥೋಲಿಕರ ಚರಿತ್ರೆಯನ್ನು ಬರೆಯಹೊರಟವರು ಯಾರೇ ಆಗಲಿ, ಅಬ್ಬೆ ದ್ಯುಬುವಾ ಅವರ ಹೆಸರನ್ನು ಬಿಟ್ಟು ಮುಂದೆ ಸಾಗಲಾರರು. ಜನರು ಅವರನ್ನು ಪ್ರೀತಿಯಿಂದ ದೊಡ್ಡ ಸ್ವಾಮಿಯವರು ಎಂದು ಕರೆದರು. ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಆ ಹಿರಿಯರ ಬಾಳನ್ನು ಸ್ಮರಿಸಿ, ವಿಧೇಯತೆ ಎಂಬ ಸದ್ಗುಣದ ನಿಜವಾದ ಅರ್ಥವನ್ನು ಅರಿಯಲು ನಾವು ಯತ್ನಿಸೋಣ.

ದ್ಯುಬುವಾ ಅವರು ಫ್ರಾನ್ಸಿನ ಆರ್ದೆಶ್ ಪ್ರಾಂತದವರು. ಅವರು ಗುರುದೀಕ್ಷೆ ಪಡೆದದ್ದು 1792ರಲ್ಲಿ. ಆಗ ಅಲ್ಲಿ ಮಹಾಕ್ರಾಂತಿಯ ಬಿರುಗಾಳಿ ಬೀಸುತ್ತಿತ್ತು. ಹೊಸ ಸರ್ಕಾರವು ವಿಧಿಸಿದ ಪ್ರಮಾಣವಚನಕ್ಕೆ ತಲೆಬಾಗದ ಗುರುಗಳು ಸೆರೆಮನೆಯನ್ನೂ ಸಾವನ್ನೂ ಎದುರಿಸಬೇಕಾಗಿತ್ತು. ಅದೇ ವರ್ಷ ಅವರು ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಸ್ಥೆಯ ಗುರುವಾಗಿ ಭಾರತಕ್ಕೆ ಹೊರಟರು. ಮುಂದಿನ ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ತಾಯ್ನಾಡಿಗೆ ಮರಳಲಿಲ್ಲ.

1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಸಾವಿರಾರು ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಕರೆತಂದ ಸಂಗತಿ ಎಲ್ಲರಿಗೂ ತಿಳಿದುದೇ. ಅನೇಕರು ದಾರಿಯಲ್ಲಿ ಮಡಿದರು. ಅನೇಕರು ಬಲಾತ್ಕಾರದಿಂದ ಮತಾಂತರಗೊಂಡರು. 1799ರಲ್ಲಿ ಪಟ್ಟಣವು ಪತನವಾದ ಮೇಲೆ, ಚದುರಿಹೋದ ಈ ಮಂದೆಯನ್ನು ಒಟ್ಟುಗೂಡಿಸುವ ಹೊಣೆ ದ್ಯುಬುವಾ ಅವರ ಮೇಲೆ ಬಿತ್ತು. ವಿಶ್ವಾಸವನ್ನು ಉಳಿಸಿಕೊಳ್ಳಲಾಗಲಿಲ್ಲವೆಂದು ನಾಚಿ ದೂರ ನಿಂತವರಿಗೆ ಅವರು ಧರ್ಮಸಭೆಯ ಬಾಗಿಲನ್ನು ತೆರೆದರು. ಕತ್ತಿಯ ಭಯದಿಂದ ಬಾಗಿದ್ದು ವಿಧೇಯತೆಯಲ್ಲ; ಹಾಗೆಯೇ ಭಯಕ್ಕೆ ಸೋತವನನ್ನು ತಳ್ಳಿಬಿಡುವುದು ಕುರಿಗಾಹಿಯ ಧರ್ಮವೂ ಅಲ್ಲ. ಗಂಜಾಂನ ದೇವಾಲಯವು ಇಂದಿಗೂ ಅವರ ಹೆಸರಿನಿಂದಲೇ ಪರಿಚಿತವಾಗಿದೆ.

ಅವರು ಈ ನಾಡಿನ ಉಡುಪನ್ನು ತೊಟ್ಟರು, ರುಮಾಲು ಸುತ್ತಿದರು, ಬಿದಿರಿನ ಕೋಲು ಹಿಡಿದು ಊರೂರು ನಡೆದರು. ನೆಲೆ ತಪ್ಪಿದ ಕುಟುಂಬಗಳಿಗಾಗಿ ಬೇಸಾಯದ ವಸಾಹತುಗಳನ್ನು ಸ್ಥಾಪಿಸಿದರು. ಸಿಡುಬಿಗೆ ಜೆನ್ನರ್ ಕಂಡುಹಿಡಿದ ಲಸಿಕೆಯು 1802ರಲ್ಲಿ ಭಾರತವನ್ನು ತಲುಪಿತು. ಸಿಡುಬನ್ನು ಅಮ್ಮನೆಂದು ಭಯಭಕ್ತಿಗಳಿಂದ ಕಾಣುತ್ತಿದ್ದ ಜನರು ಸಂಶಯದಿಂದ ಹಿಂಜರಿದರೂ, 1803-04ರಲ್ಲಿ ಅವರ ಪ್ರಯತ್ನದಿಂದ 25,432 ಜನರಿಗೆ ಲಸಿಕೆ ಹಾಕಲಾಯಿತೆಂದು ದಾಖಲೆಯಿದೆ. ನೆರೆಯವನನ್ನು ಪ್ರೀತಿಸಬೇಕೆಂಬ ಪ್ರಭುವಿನ ಆಜ್ಞೆಗೆ ಇದಕ್ಕಿಂತ ಸ್ಪಷ್ಟವಾದ ವಿಧೇಯತೆ ಬೇರೆ ಯಾವುದಿದ್ದೀತು?

ಹಿಂದೂಗಳ ಆಚಾರವಿಚಾರಗಳನ್ನು ಕುರಿತ ಅವರ ಗ್ರಂಥವನ್ನು ಈಸ್ಟ್ ಇಂಡಿಯಾ ಕಂಪನಿಯು ಎರಡು ಸಾವಿರ ವರಹಗಳಿಗೆ ಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಅದರ ಬಹುಭಾಗಕ್ಕೆ ಕೂರ್ದೂ ಎಂಬ ಹಿಂದಿನ ಯೇಸುಸಭೆಯ ಗುರುಗಳ ಹಸ್ತಪ್ರತಿಯೇ ಆಧಾರವೆಂದು 1987ರಲ್ಲಿ ವಿದ್ವಾಂಸರು ತೋರಿಸಿದ್ದಾರೆ. ಸತ್ಯವನ್ನು ಮುಚ್ಚಿಡುವುದರಿಂದ ಹಿರಿಯರ ಗೌರವ ಹೆಚ್ಚುವುದಿಲ್ಲವಾದ್ದರಿಂದ ಇದನ್ನೂ ಇಲ್ಲಿ ಹೇಳಿದ್ದೇವೆ.

1823ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಪತ್ರಗಳಲ್ಲಿ, ಇಷ್ಟು ವರ್ಷ ದುಡಿದರೂ ತಾವು ಕ್ರಿಸ್ತನೆಡೆಗೆ ತಂದವರು ಇನ್ನೂರು ಮುನ್ನೂರು ಮಂದಿ ಮಾತ್ರವೆಂದೂ, ಈ ದೇಶದಲ್ಲಿ ಕ್ರೈಸ್ತ ಧರ್ಮ ಹಬ್ಬುವ ಆಶೆ ತಮಗಿಲ್ಲವೆಂದೂ ಬರೆದರು. ಮುಂದೆ ಪ್ಯಾರಿಸ್ಸಿನ ಮಿಷನ್ ಗುರುಮಠದಲ್ಲಿ ಸೇವೆ ಸಲ್ಲಿಸಿ, 1836ರಿಂದ 1839ರವರೆಗೆ ಅದರ ಶ್ರೇಷ್ಠಾಧಿಕಾರಿಯಾಗಿದ್ದು, 1848ರಲ್ಲಿ ದೈವಾಧೀನರಾದರು.

ಇಲ್ಲಿಯೇ ನಾವು ತಡೆದು ಚಿಂತಿಸಬೇಕಾಗಿದೆ. ಫಲವನ್ನು ಕಂಡು ದುಡಿಯುವುದು ಸುಲಭ. ಫಲ ಕಾಣದಿದ್ದಾಗಲೂ ನೇಗಿಲನ್ನು ಬಿಡದಿರುವುದೇ ವಿಧೇಯತೆ. ಅಬ್ರಹಾಮನು ಎಲ್ಲಿಗೆಂದು ತಿಳಿಯದೆ ಹೊರಟನು. ನಮ್ಮ ಪ್ರಭುವು ಶಿಲುಬೆಯ ಮರಣದವರೆಗೂ ತಂದೆಗೆ ವಿಧೇಯನಾದನು. ದೊಡ್ಡ ಸ್ವಾಮಿಯವರು ಮನಸ್ಸು ಕುಗ್ಗಿದ್ದರೂ ಮಂದೆಯನ್ನು ತೊರೆಯಲಿಲ್ಲ. ಅವರ ನಿರಾಶೆಯ ಲೆಕ್ಕ ಸರಿಯಾಗಿದ್ದಿದ್ದರೆ ಇಂದು ನಮ್ಮ ದೇವಾಲಯದ ಗಂಟೆ ಬಾರಿಸುತ್ತಿರಲಿಲ್ಲ.

ಪ್ರಿಯ ಭಕ್ತಾದಿಗಳೇ, ಮಕ್ಕಳು ಧರ್ಮೋಪದೇಶಕ್ಕೆ ಬರುತ್ತಿಲ್ಲವೆಂದು ಕೊರಗುವ ತಾಯಂದಿರೂ, ಕೇಳುವವರಿಲ್ಲವೆಂದು ಬೇಸರಪಡುವ ಉಪದೇಶಿಗಳೂ, ಗುರುಗಳಾದ ನಾವೂ ಈ ಬಾಳಿನಿಂದ ಧೈರ್ಯ ತಾಳೋಣ. ಬಿತ್ತುವುದು ನಮ್ಮ ಪಾಲಿನ ಕೆಲಸ, ಬೆಳೆಸುವವನು ದೇವರು.